ಒಂದೇ ಗೆರೆ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 7:20

ಕೇನ್ ಫೋರ್ಕ್ ಸೇತುವೆ. ಕಂಬದ ಮೇಲಿನ ಅಳತೆ ಪಟ್ಟಿಯಲ್ಲಿ ಕಣ್ಣಾರೆ ಓದಿದ್ದು 4.12 ಅಡಿ. ಸೆನ್ಸರ್ ಹೇಳಿದ್ದೂ 4.12. ಇವೆರಡೂ ಒಂದೇ ಮಾತು ಆಡಿದ ದಿನ ನನಗೆ ಕಾಫಿ ರುಚಿಸುತ್ತದೆ.

ಓರಿನ್ ಬ್ಲೆವಿನ್ಸ್ ಟ್ರಕ್ಕಿನಲ್ಲಿ ಹೀಟರ್ ಮುಂದೆ ಪವಡಿಸಿದ್ದಾನೆ. ಹತ್ತೊಂಬತ್ತು ವರ್ಷದಿಂದ ಜೊತೆಗಾರ. ನಾವಿಬ್ಬರು, ಮೂವತ್ತೊಂದು ಕಡೆ ನದಿ ಅಳತೆ, ಒಂದು ದೋಣಿ. ಪೂರ್ವ ಕೆಂಟಕಿಯ ಇಷ್ಟು ಕಣಿವೆಗೂ ಕೇಂದ್ರ ಸರ್ಕಾರದ ಲೆಕ್ಕದಲ್ಲಿ ನಾವೇ.

ಮೇಲಿನಿಂದ ಇಮೇಲ್ ಬಂದಿದೆ. ದೇಶದ ಎಲ್ಲ ನೌಕರರಿಗೂ. ನೌಕರರ ಸಂಖ್ಯೆ ಇಳಿಸುತ್ತಾರಂತೆ. ತಾವಾಗಿಯೇ ಬಿಡುವವರು "ಹೌದು" ಅಂತ ಒಂದೇ ಪದ ಬರೆದು ಕಳಿಸಿದರೆ ಸಾಕಂತೆ. ಓರಿನ್‌ಗೆ ಓದಿ ಹೇಳಿದೆ.

"ನಮ್ಮಪ್ಪ ನಾಯಿ ಓಡಿಸೋವಾಗ್ಲೂ ಇದಕ್ಕಿಂತ ಮರ್ಯಾದೆ ಕೊಡ್ತಿದ್ದ ಕಣೇ," ಅಂದ.

ನಾನೂ ಉತ್ತರ ಕಳಿಸಿದೆ. ಪದವಲ್ಲ. ಅಂಕಿ. 4.12.

ಈ ಪುಸ್ತಕದ ಬಗ್ಗೆ ಒಂದು ಮಾತು. ಹಳದಿ ರಟ್ಟು, ನೆನೆಯದ ಕಾಗದ, ಆಫೀಸಿನ ಅಳತೆ ಪುಸ್ತಕದಂಥದ್ದೇ. ಆದರೆ ನನ್ನ ದುಡ್ಡಿನಲ್ಲಿ ಕೊಂಡದ್ದು. ಯಾರೂ ವಾಪಸ್ ಕೇಳುವ ಹಾಗಿಲ್ಲ.

ಫೆಬ್ರವರಿ 6, ಗುರುವಾರ

ಮಧ್ಯಾಹ್ನ ಊಟದ ಅಂಗಡಿಯಲ್ಲಿ ಹೋಬರ್ಟ್ ಸಿಕ್ಕಿದ. ನನ್ನ ಗಂಡ ಡೆನ್ಜಿಲ್‌ನ ತಮ್ಮ. ಬಾಯಿ ತುಂಬ ಬೀನ್ಸು, ಬಾಯಿ ತುಂಬ ಮಾತು.

"ಏನ್ ವರ್ಲಾ, ನಿಮ್ಮ ಸರ್ಕಾರಿ ಬಿಳಿಯಾನೆಗಳ್ನೆಲ್ಲ ಓಡಿಸ್ತಾರಂತೆ?"

"ನಿನ್ ಕಣ್ಣಿಗೆ ನಾನು ಆನೆ ಥರ ಕಾಣ್ತೀನಾ?"

"ಅಲ್ಲಾ, ನೀರು ಎಷ್ಟಿದೆ ಅಂತ ನೋಡೋಕೆ ಇಬ್ರು ಬೇಕಾ? ನಾನು ನಮ್ಮ ಕಿಟಕೀಲಿ ನೋಡ್ತೀನಿ. ಪುಕ್ಕಟೆ."

"ಮಳೆ ಹನಿ ಬಿದ್ರೆ ಸಾಕು, ನನಗೆ ಫೋನ್ ಮಾಡ್ತೀಯಲ್ಲ? ಆಗ ಎಲ್ಲಿಗೆ ಹೋಗಿರುತ್ತೆ ನಿನ್ ಕಿಟಕಿ?"

ಇಡೀ ಅಂಗಡಿ ನಕ್ಕಿತು. ಅವನೂ ನಕ್ಕ. ಅವನ ಮನೆ ಸೇತುವೆಯಿಂದ ಕೆಳಗೆ, ನದಿಗೆ ಅಂಟಿಕೊಂಡ ಬೀದಿಯಲ್ಲಿ. ನಲವತ್ತು ಮನೆ. ಅಳತೆ 17 ಅಡಿ ಮುಟ್ಟಿದರೆ ಅವರಿಗೆ ಸೈರನ್ ಕೂಗುತ್ತದೆ. ಹತ್ತೊಂಬತ್ತಕ್ಕೆ ನೀರು ಅಡುಗೆಮನೆಯಲ್ಲಿರುತ್ತದೆ. ಇದೆಲ್ಲ ಅವನಿಗೆ ಗೊತ್ತು. ಗೊತ್ತಿದ್ದೂ ಆಡುತ್ತಾನೆ. ಮನೆಗೆ ಬರುವವರೆಗೂ ಮೈ ಉರಿಯುತ್ತಿತ್ತು.

ಫೆಬ್ರವರಿ 10, ಸೋಮವಾರ

ಕೇನ್ ಫೋರ್ಕ್. ಪಟ್ಟಿ 3.88. ಸೆನ್ಸರ್ 3.97. ಜಗಳ ಶುರು.

ನೀರಿನೊಳಕ್ಕೆ ಇಳಿಬಿಟ್ಟ ಸೆನ್ಸರಿನ ಕೊಳವೆಯಲ್ಲಿ ಕೆಸರು ಕಟ್ಟುತ್ತಿದೆ. ತೊಳೆದೆ, ಊದಿದೆ. ಒಂದು ವಾರ ಬಂದೀತು. ಹೊಸ ಕೊಳವೆ ಬೇಕು. ಲೈಲ್‌ಗೆ ಫೋನ್ ಮಾಡಿದೆ. ಲೈಲ್ ಕೆಸಿಂಜರ್ ನಮ್ಮ ಮೇಲಧಿಕಾರಿ, ನಲವತ್ತರ ಹುಡುಗ, ಕೆಟ್ಟವನಲ್ಲ.

"ಖರೀದಿ ಕಾರ್ಡ್ ಎಲ್ಲ ನಿಲ್ಸಿದಾರೆ ವರ್ಲಾ. ಒಂದು ಡಾಲರ್ ಮೇಲೆ ಏನೂ ಕೊಳ್ಳೋ ಹಾಗಿಲ್ಲ."

"ಒಂದು ಡಾಲರ್‌ಗೆ ಏನ್ ಸಿಗುತ್ತೆ ಲೈಲ್? ಸ್ಟ್ರಾ ಸಿಗುತ್ತೆ. ತಂದು ಸಿಕ್ಕಿಸ್ಲಾ?"

ಕೋರಿಕೆ ಬರೆದು ಕಳಿಸಿ ಅಂದ. ಕಳಿಸಿದೆ. ಪ್ರತಿ ಇಟ್ಟುಕೊಂಡಿದ್ದೇನೆ.

ಫೆಬ್ರವರಿ 18, ಮಂಗಳವಾರ

ಒಂದು ಪದ ಕಲಿತೆ ಇವತ್ತು. ಪ್ರೊಬೇಷನ್.

ಮೊದಲು ಹೋಗುವವರು ಪ್ರೊಬೇಷನ್‌ನಲ್ಲಿ ಇರುವವರಂತೆ. ಹೊಸಬರು ಅಂತ ಅಂದುಕೊಂಡು, ಪಾಪ ಅಂದೆ. ಸಂಜೆ ಲೈಲ್ ಫೋನ್ ಮಾಡಿದ. ದನಿ ಕೇಳಿಯೇ ಗೊತ್ತಾಯಿತು. ಹೋದ ಜೂನ್‌ನಲ್ಲಿ ಬಡ್ತಿ ತೆಗೆದುಕೊಂಡೆನಲ್ಲ, ಹಿರಿಯ ತಂತ್ರಜ್ಞೆ ಅಂತ? ಹೊಸ ಹುದ್ದೆ ಅಂದರೆ ಮತ್ತೆ ಒಂದು ವರ್ಷ ಪ್ರೊಬೇಷನ್. ಇಪ್ಪತ್ನಾಲ್ಕು ವರ್ಷ ಇದೇ ನದಿಯಲ್ಲಿ ನಿಂತವಳು ಕಾಗದದ ಮೇಲೆ ಎಂಟು ತಿಂಗಳ ಕೂಸು.

ಆ ಬಡ್ತಿ ಮೊದಲು ಓರಿನ್‌ಗೇ ಬಂದಿತ್ತು. ವರದಿ ಬರೆಯೋದು ಜಾಸ್ತಿ ಅಂತ ಬೇಡ ಅಂದಿದ್ದ.

"ನಾನು ಸೋಂಬೇರಿ ಆಗಿದ್ದಕ್ಕೆ ಉಳ್ಕೊಂಡೆ ನೋಡು," ಅಂದ. ನಗಿಸಲು ಹೇಳಿದ್ದು. ಆಮೇಲೆ ಟ್ರಕ್ಕಿನ ಹೀಟರ್ ನನ್ನ ಕಡೆಗೆ ತಿರುಗಿಸಿದ.

ಫೆಬ್ರವರಿ 24, ಸೋಮವಾರ

ಹೋದ ವಾರ ಮಾಡಿದ ಐದು ಕೆಲಸ ಬರೆದು ಕಳಿಸಬೇಕಂತೆ, ಎಲ್ಲರೂ. ಬರೆದೆ:

ಒಂದು, ನದಿ ಏರಿದೆಯಾ ನೋಡಿದೆ. ಎರಡು, ಇಳಿದಿದೆಯಾ ನೋಡಿದೆ. ಮೂರು, ಒಂದು ಡಾಲರಿನ ಕೊಳವೆ ಹುಡುಕಿದೆ, ಸಿಗಲಿಲ್ಲ. ನಾಲ್ಕು, ಸೆನ್ಸರ್ ಇರುವ ಅಳತೆ ಗೂಡಿನಿಂದ ಹಾವು ಹೊರಗೆ ಹಾಕಿದೆ. ಐದು, ಈ ಪಟ್ಟಿ ಬರೆದೆ.

ಓರಿನ್ ಐದೂ ಸಾಲಿನಲ್ಲಿ "ವರ್ಲಾ ಹೇಳಿದ್ದು ಮಾಡಿದೆ" ಅಂತ ಬರೆದಿದ್ದಾನೆ. ಹಾಳಾದವನು.

ಮಾರ್ಚ್ 10, ಸೋಮವಾರ. ಸಂಜೆ 4:30

ಬಂತು.

ನಾಲ್ಕು ಸಾಲಿನ ಪತ್ರ. ನನ್ನ ಹೆಸರಿನಲ್ಲಿ ಕೊನೆಯ ಟಿ ಬಿಟ್ಟಿದ್ದಾರೆ. ವರ್ಲಾ ಟಕೆಟ್ ಹೋಗಿ ವರ್ಲಾ ಟಕೆ ಆಗಿದ್ದೇನೆ. "ಕಾರ್ಯಕ್ಷಮತೆ ತೃಪ್ತಿಕರವಾಗಿಲ್ಲದ ಕಾರಣ" ಸೇವೆ ಶುಕ್ರವಾರ ಸಂಜೆ ಐದಕ್ಕೆ ಮುಗಿಯುತ್ತದೆ. ಇವತ್ತಿನಿಂದಲೇ ಕೆಲಸಕ್ಕೆ ಬರುವಂತಿಲ್ಲ. ಟ್ರಕ್ಕಿನ ಕೀಲಿ, ಗುರುತಿನ ಚೀಟಿ ಓರಿನ್ ಕೈಗೆ ಕೊಟ್ಟೆ. ತೆಗೆದುಕೊಳ್ಳುವಾಗ ಅವನು ನನ್ನ ಮುಖ ನೋಡಲಿಲ್ಲ.

ಕಾರ್ಯಕ್ಷಮತೆ! ಹೋದ ಐದು ವರ್ಷವೂ ಅತ್ಯುತ್ತಮ ಅಂತ ಬರೆದುಕೊಟ್ಟವರು ಇವರೇ. ಆ ಐದೂ ಕಾಗದ ಅಡುಗೆಮನೆ ಡ್ರಾಯರಿನಲ್ಲಿವೆ. ಕೆಲಸ ತೆಗೆಯಿರಿ, ತೆಗೆಯುವ ಅಧಿಕಾರ ಇದೆ ಅಂತಿಟ್ಟುಕೊಳ್ಳೋಣ. ಸುಳ್ಳು ಯಾಕೆ ಬರೆಯುತ್ತೀರಿ?

ನನಗೆ ಹೆದರಿಕೆ ಇಲ್ಲ.

(ಮೇಲಿನ ಸಾಲಿಗೆ ಒಂದು ಗೆರೆ. ಸರಿಯಾದದ್ದು: ಹೆದರಿಕೆ ಇದೆ. ವಿ.ಟಿ., 4:50)

ಮಾರ್ಚ್ 11, ಮಂಗಳವಾರ

ಆ ಗೆರೆಯ ವಿಷಯ. ಸೇರಿದ ಮೊದಲ ತಿಂಗಳು, ತಪ್ಪು ಓದಿ 5.60 ಬರೆದು, ರಬ್ಬರಿನಿಂದ ಉಜ್ಜಿ 5.06 ಮಾಡಿದೆ. ಮುದುಕ ಆಸ್ಬರಿ ಆಗ ನನ್ನ ಗುರು. ನನ್ನ ಕೈಯಿಂದ ರಬ್ಬರ್ ಕಿತ್ತು ನದಿಗೆ ಎಸೆದ. "ಅಳಿಸ್ಬಾರ್ದು ಮಗಾ. ತಪ್ಪಿನ ಮೇಲೆ ಒಂದೇ ಒಂದು ಗೆರೆ. ತಪ್ಪು ಓದೋಕೆ ಬರ್ಬೇಕು. ಪಕ್ಕದಲ್ಲಿ ಸರಿ ಬರಿ, ಹೆಸರಿನ ಅಕ್ಷರ ಹಾಕು, ಹೊತ್ತು ಹಾಕು. ನಾಳೆ ಬರೋನಿಗೆ ಎರಡೂ ಕಾಣ್ಬೇಕು." ಅಂದಿನಿಂದ ರಬ್ಬರ್ ಮುಟ್ಟಿಲ್ಲ. ಸಾಮಾನಿನ ಚೀಟಿಯಲ್ಲೂ ಮೊಟ್ಟೆಗೆ ಗೆರೆ ಎಳೆದು ಬ್ರೆಡ್ ಬರೆದರೆ ಪಕ್ಕದಲ್ಲಿ ವಿ.ಟಿ. ಹಾಕುತ್ತೇನೆ. ಡೆನ್ಜಿಲ್ ನಗುತ್ತಾನೆ.

ಇವತ್ತು ಎರಡನೇ ಕಾಗದ ಬಂತು. ಒಪ್ಪಿಗೆ ಪತ್ರ. "ನನ್ನ ಕಾರ್ಯಕ್ಷಮತೆ ತೃಪ್ತಿಕರವಾಗಿರಲಿಲ್ಲ ಎಂದು ಒಪ್ಪುತ್ತೇನೆ." ಕೆಳಗೆ ಸಹಿ. ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಸಹಿ ಮಾಡಿ ಕಳಿಸಿದರೆ ಆರೋಗ್ಯ ವಿಮೆ ಜೂನ್ ಕೊನೆಯವರೆಗೆ. ಇಲ್ಲದಿದ್ದರೆ ಮೂವತ್ತೊಂದು ದಿನ. ಅಂದರೆ ಏಪ್ರಿಲ್ 14.

ಡೆನ್ಜಿಲ್‌ನ ಹೃದಯದ ವಾಲ್ವ್ ಬದಲಾಯಿಸುವ ದಿನ ಏಪ್ರಿಲ್ 22.

ಎಂಟು ದಿನ. ಎಂಟೇ ದಿನಕ್ಕೆ ನನ್ನ ಕುತ್ತಿಗೆ ಹಿಡಿದಿದ್ದಾರೆ.

ಅವನಿಗೆ ಹೇಳಿಲ್ಲ. ಶೆಡ್ಡಿನಲ್ಲಿ ಯಾರದೋ ಗರಗಸ ರಿಪೇರಿ ಮಾಡುತ್ತ ಕೂತಿದ್ದಾನೆ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾನೆ. ಸಹಿ ಹಾಕಿಬಿಡುತ್ತೇನೆ. ಒಂದು ಸಾಲು ತಾನೇ. ಯಾರು ಓದುತ್ತಾರೆ?

ಮಾರ್ಚ್ 12, ಬುಧವಾರ

ಲೈಲ್ ಮನೆಗೇ ಬಂದ. ಲಾಕರಿನಲ್ಲಿದ್ದ ನನ್ನ ಬೂಟು, ಮಗ್ಗು ಒಂದು ಪೆಟ್ಟಿಗೆಯಲ್ಲಿ. ಒಳಗೆ ಬಾ ಅಂದರೆ ಬಾಗಿಲಲ್ಲೇ ನಿಂತ.

"ನಿಮ್ಮ ಬಗ್ಗೆ ಅದನ್ನ ಬರ್ದಿದ್ದು ನಾನೇ ವರ್ಲಾ."

"ಗೊತ್ತಾಯ್ತು."

"ಕಾರಣ ಆರಿಸ್ಬೇಕಿತ್ತು. ಕಂಪ್ಯೂಟರ್‌ನಲ್ಲಿ ಬಾಣ ಒತ್ತಿದ್ರೆ ಪಟ್ಟಿ ಬರುತ್ತಲ್ಲ... ಆ ಪಟ್ಟೀಲಿ ಇದ್ದಿದ್ದೇ ಒಂದು ಕಾರಣ. ಬೇರೆ ಇರ್ಲಿಲ್ಲ. ನಾನು ಮೂರ್ ಸಲ ಒತ್ತಿ ನೋಡ್ದೆ."

"ಒತ್ತದೇ ಇರೋ ಆಯ್ಕೆ ಇತ್ತಲ್ಲ ಲೈಲ್."

ಅವನ ಕಿವಿ ಕೆಂಪಗಾಯಿತು. ಮೂರು ಮಕ್ಕಳು ಅವನಿಗೆ. ನಾನು ಅಷ್ಟು ಒರಟಾಗಬಾರದಿತ್ತು. ಆದರೂ ಆ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಹೋಗುವಾಗ ತಿರುಗಿ ಹೇಳಿದ: ಕೊಳವೆಯ ಕೋರಿಕೆ ತಿರಸ್ಕಾರವಾಗಿದೆ. ಕಾರಣ, ಕೋರಿದವರು ಸೇವೆಯಲ್ಲಿಲ್ಲ. ನಗು ಬಂತು, ನಿಜವಾಗಿ. ಹೊಟ್ಟೆ ಹಿಡಿದು ನಕ್ಕೆ. ಅವನಿಗೆ ಗಾಬರಿಯಾಯಿತು.

ಮಾರ್ಚ್ 13, ಗುರುವಾರ. ಸಂಜೆ 6

ಮಧ್ಯಾಹ್ನದಿಂದ ಜಡಿಮಳೆ. ನೆಲ ಮೊದಲೇ ನೆಂದಿದೆ, ಇನ್ನು ಕುಡಿಯುವುದಿಲ್ಲ.

ಡೆನ್ಜಿಲ್‌ಗೆ ಕಾಗದ ಸಿಕ್ಕಿತು. ಬ್ರೆಡ್ ಡಬ್ಬಿಯ ಕೆಳಗೆ ಬಚ್ಚಿಟ್ಟಿದ್ದೆ. ಮೂವತ್ತು ವರ್ಷದ ಗಂಡನಿಂದ ಬಚ್ಚಿಡಲು ಬ್ರೆಡ್ ಡಬ್ಬಿಯೇ ಸಿಕ್ಕಿತೇ ನನಗೆ? ಅವನು ಓದಿದ. ಕನ್ನಡಕ ತೆಗೆದ, ಒರೆಸಿದ, ಮತ್ತೆ ಓದಿದ.

"ಸಹಿ ಹಾಕ್ತೀಯಾ?"

"ಹಾಕ್ತೀನಿ. ಇನ್ನೇನ್ ಮಾಡ್ಲಿ?"

"ನನಗೋಸ್ಕರ ಹಾಕ್ತಿದ್ರೆ ಬೇಡ."

"ಏನ್ ಮಾತು ಅಂತ ಆಡ್ತೀಯ! ನಿನಗಲ್ದೆ ಇನ್ಯಾರಿಗೆ?"

"ಕೇಳಿಲ್ಲಿ. ಮಂಗಳವಾರದಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ಫೋನ್ ಹಚ್ತಿದೀನಿ. ಓರಿನ್ ಹೇಳ್ದ ನಿನ್ ಕೆಲಸದ ವಿಷ್ಯ, ಸೋಮವಾರ ಸಂಜೇನೇ. ಯಾರಾದ್ರೂ ಆಪರೇಷನ್ ತಪ್ಪಿಸ್ಕೊಂಡ್ರೆ ಆ ದಿನ ನನಗೆ ಕೊಡು ಅಂತ ಆ ಹೆಣ್ಮಗಳ ಪ್ರಾಣ ತಿಂತಿದೀನಿ. ಇವತ್ತಿಗೆ ಕಾಯೋರ ಪಟ್ಟೀಲಿ ಎರಡನೇ ಹೆಸರು ನಂದು. ನೀನು ನದಿ ಕಾಯ್ತೀಯ, ನಾನು ಫೋನ್ ಕಾಯ್ತೀನಿ."

"ಸಿಗದೇ ಹೋದ್ರೆ?"

"ಸಿಗದೇ ಹೋದ್ರೆ ಆಗ ನೋಡೋಣ. ನನಗೂ ಹೆದ್ರಿಕೆ ಇದೆ ಕಣೇ, ಇಲ್ಲ ಅನ್ನಲ್ಲ. ಆದ್ರೆ ಸಾಮಾನಿನ ಚೀಟೀಲೂ ತಪ್ಪು ಬಿಡದೋಳು ನೀನು. ಈ ಕಾಗದ ಮನೇಲಿಟ್ಕೊಂಡು ಹೆಂಗ್ ಬಾಳ್ತೀಯ?"

ಆಮೇಲೆ ಎದ್ದು ಜೋಳದ ಬ್ರೆಡ್ಡಿಗೆ ಹಿಟ್ಟು ಕಲಸಿದ. ಉಪ್ಪು ಜಾಸ್ತಿ ಹಾಕಿದ. ಇಬ್ಬರೂ ಪೂರ್ತಿ ತಿಂದೆವು. ಈ ಮನುಷ್ಯನನ್ನು ಕಳೆದುಕೊಳ್ಳಲಾರೆ. ಇನ್ನೂ ತೀರ್ಮಾನಿಸಿಲ್ಲ.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ 8:05

ಫೋನಿನಲ್ಲಿ ಕೇನ್ ಫೋರ್ಕ್ ಅಳತೆ ನೋಡಿದೆ. ಇಂಟರ್ನೆಟ್ಟಿನಲ್ಲಿ ಎಲ್ಲರೂ ನೋಡಬಹುದಾದ ಪುಟ ಅದು. ಎಂಟು ಗಂಟೆಗೆ 6.40. ಏಳಕ್ಕೆ 6.40. ಆರಕ್ಕೆ 6.40.

ಇಂಥ ಮಳೆಯಲ್ಲಿ ನದಿ ಎರಡು ಗಂಟೆ ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ. ಕೊಳವೆ ಕಟ್ಟಿದೆ. ಸೆನ್ಸರ್ ಸತ್ತಿದೆ. ಸೈರನ್ ಕೂಗುವುದು ಆ ಅಂಕಿ ನೋಡಿಯೇ.

ಓರಿನ್‌ಗೆ ಫೋನ್. ಅವನು ಗುಡ್ಡದ ಆಚೆ ಸಿಕ್ಕಿಕೊಂಡಿದ್ದಾನೆ, ರಸ್ತೆ ಮೇಲೆ ನೀರು.

"ನೀನು ಹೋಗೋ ಹಾಗಿಲ್ಲ ಕಣೇ. ಪತ್ರದಲ್ಲಿ ಬರ್ದಿದ್ದಾರೆ."

"ಅಳತೆ ಗೂಡಿನ ಬಾಗಿಲು ಮುಟ್ಟಲ್ಲ ನಾನು. ಸೇತುವೆ ಮೇಲೆ ನಿಲ್ಲೋಕೆ ಯಾರಪ್ಪಣೆ ಬೇಕೋ? ಅದು ರಸ್ತೆ."

"ಹಾಗಾದ್ರೆ ಹಗ್ಗ ಕಟ್ಕೊಂಡು ಬಗ್ಗು. ಬೈಬೇಡ, ಹೇಳ್ತಿದೀನಿ ಅಷ್ಟೆ."

ಡೆನ್ಜಿಲ್ ಫ್ಲಾಸ್ಕಿಗೆ ಕಾಫಿ ತುಂಬಿ ಕೊಟ್ಟ. ಒಪ್ಪಿಗೆ ಪತ್ರವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟ. "ಹನ್ನೆರಡಕ್ಕೆ ಅಲ್ವಾ?" ಅಂದ.

9:10

ಸೇತುವೆ. ನಮ್ಮ ಹಳೇ ಪಿಕಪ್. ಸೊಂಟಕ್ಕೆ ಹಗ್ಗ, ಹಗ್ಗ ಕಂಬಿಗೆ. ಕಂಬದ ಪಟ್ಟಿ ಓದಿದೆ. 14.30. ಮರದ ದಿಮ್ಮಿ, ಯಾರದೋ ಪ್ರೊಪೇನ್ ಸಿಲಿಂಡರ್, ಒಂದು ಕೋಳಿಗೂಡು ತೇಲಿ ಹೋದವು.

9:25 — 14.61

ತುರ್ತು ಕಚೇರಿಗೆ ಫೋನ್. ಎತ್ತಿದ್ದು ಬರ್ನಿಸ್ ಕೂಟ್ಸ್, ಸೈರನ್ ಗುಂಡಿ ಅವಳ ಮೇಜಿನ ಮೇಲೇ ಇದೆ.

"ಇಲ್ಲಿ ಆರು ನಲವತ್ತು ಅಂತ ತೋರಿಸ್ತಿದೆ ವರ್ಲಾ."

"ಅದು ನಿನ್ನೆ ರಾತ್ರಿ ನದಿ. ನಾನು ಈಗಿನ ನದಿ ಹೇಳ್ತಿದೀನಿ."

"ಯಂತ್ರ ಬಿಟ್ಟು ಬೇರೆ ಅಳತೆ ತಗೋಬೇಕಂದ್ರೆ ಓದಿದೋರ ಹೆಸರು ಬರೀಬೇಕು."

"ವರ್ಲಾ ಟಕೆಟ್. ಕೊನೇಲಿ ಟಿ ಇದೆ."

"ಹುದ್ದೆ?"

ಬಗ್ಗಿ ಪಟ್ಟಿ ಮತ್ತೊಮ್ಮೆ ನೋಡಿದೆ. ಆಮೇಲೆ ಹೇಳಿದೆ:

"ಓದೋಕೆ ಬರುತ್ತೆ ಅಂತ ಬರಿ."

ಕೀಲಿಮಣೆ ಸದ್ದು ಕೇಳಿಸಿತು. "ಬರ್ದೆ," ಅಂದಳು. "ಹದಿನೈದು ನಿಮಿಷಕ್ಕೊಂದು ಸಲ ಹೇಳ್ತಾ ಇರು."

10:10 — 15.52

ಹೋಬರ್ಟ್ ಫೋನ್ ಮಾಡಿದ. ಮಾಡೇ ಮಾಡುತ್ತಾನೆ ಅಂತ ಗೊತ್ತಿತ್ತು.

"ವರ್ಲಾ, ಪುಟದಲ್ಲಿ ಆರು ನಲವತ್ತು ಅಂತಿದೆ. ಆದ್ರೆ ನೀರು ನಮ್ಮ ಬೇಲಿ ಹತ್ರ ಇದ್ದ ಹಂಗಿದೆ..."

"ಕಿಟಕಿ ಏನ್ ಹೇಳುತ್ತೆ?"

ಹಂಗಿಸಿದ್ದು ಸಾಕು ಅನ್ನಿಸಿತು.

"ಹೋಬರ್ಟ್, ಕೇಳು. ಪುಟ ಸುಳ್ಳು. ಹದಿನೈದೂವರೆ ಇದೆ, ಏರ್ತಾ ಇದೆ. ಸೈರನ್ ಕಾಯ್ಬೇಡ. ಮನೆ ಮನೆ ಬಾಗಿಲು ಬಡಿ. ಎಲ್ಲರ್ನೂ ಚರ್ಚಿನ ಗುಡ್ಡಕ್ಕೆ ಹತ್ತಿಸು. ಆ ಕೊನೇ ಮನೆ ಮುದುಕೀಗೆ ಕಿವಿ ಕೇಳಲ್ಲ, ಒಳಗೇ ನುಗ್ಗು."

"ಆಯ್ತು," ಅಂದ. ಅವನ ಬಾಯಲ್ಲಿ ಒಂದೇ ಪದ ಕೇಳಿದ್ದು ಇದೇ ಮೊದಲು.

10:40 — 15.95

11:10 — 16.48

ಪೆನ್ನು ಜಾರುತ್ತಿದೆ. ಅಕ್ಷರ ಸೊಟ್ಟ.

11:25 — 16.17. ಗೆರೆ. 16.71. ಅಂಕಿ ತಿರುವುಮುರುವು ಬರೆದೆ. ವಿ.ಟಿ.

11:42 — 17.03

ಬರ್ನಿಸ್‌ಗೆ ಹೇಳಿದೆ. "ಹದಿನೇಳು ಸೊನ್ನೆ ಮೂರು," ಅಂತ ತಿರುಗಿ ಹೇಳಿದಳು. ಎರಡು ನಿಮಿಷ. ಸೈರನ್ ಕೂಗಿತು. ಇಡೀ ಕಣಿವೆಗೆ ಕೇಳುವ ಹಾಗೆ. ಕಂಬಿ ಹಿಡಿದು ಅತ್ತೆ, ಮಳೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

11:50. ಪಿಕಪ್ ಒಳಗೆ

ಚೀಲದಿಂದ ಪತ್ರ ತೆಗೆದೆ. ಸ್ಟೀರಿಂಗ್ ಮೇಲೆ ಇಟ್ಟೆ. "ನನ್ನ ಕಾರ್ಯಕ್ಷಮತೆ ತೃಪ್ತಿಕರವಾಗಿರಲಿಲ್ಲ ಎಂದು ಒಪ್ಪುತ್ತೇನೆ." ಎರಡು ಸಲ ಓದಿದೆ. ತಪ್ಪು ಓದಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು ನಮ್ಮ ಪದ್ಧತಿ.

ಆ ಸಾಲಿನ ಮೇಲೆ ಒಂದೇ ಗೆರೆ ಎಳೆದೆ. ತೆಳ್ಳಗೆ. ಅವರು ಬರೆದದ್ದು ಪೂರ್ತಿ ಓದಲು ಬರುತ್ತದೆ.

ಪಕ್ಕದಲ್ಲಿ ಸರಿಯಾದದ್ದು ಬರೆದೆ: "17.03 ಅಡಿ. ಕಣ್ಣಾರೆ ಓದಿದ್ದು. ವಿ.ಟಿ. 11:42."

ಸಹಿಯ ಜಾಗ ಖಾಲಿ ಬಿಟ್ಟೆ. ಫೋಟೋ ತೆಗೆದು ಲೈಲ್‌ಗೆ ಕಳಿಸಿದೆ. ಡೆನ್ಜಿಲ್‌ಗೂ. ಡೆನ್ಜಿಲ್ ತಕ್ಷಣ ಬರೆದ: "ಇನ್ನೂ ಎರಡನೇ ಹೆಸರೇ. ಸೋಮವಾರ ಎಂಟಕ್ಕೆ ಮತ್ತೆ ಹಚ್ತೀನಿ. ಕಾಫಿ ಕುಡಿದ್ಯಾ?"

ಲೈಲ್ ಫೋನ್ ಮಾಡಿದ.

"ವರ್ಲಾ, ತಿದ್ದಿದ್ರೆ ಸಿಸ್ಟಮ್ ತಗೊಳ್ಳಲ್ಲ. ಇನ್ನೂ ಎಂಟು ನಿಮಿಷ ಇದೆ. ಬೇರೆ ಪ್ರತಿ ಕಳಿಸ್ಲಾ?"

"ಬೇಡ."

"ವಿಮೆ ಹೋಗುತ್ತೆ."

"ಗೊತ್ತು. ನಾನು ಬರ್ದಿದ್ದು ಓದೋಕೆ ಬರುತ್ತಾ?"

"ಬರುತ್ತೆ," ಅಂದ. ಆಮೇಲೆ: "ಎರಡೂ ಓದೋಕೆ ಬರುತ್ತೆ. ನಿಮ್ಮ ಫೈಲಿಗೆ ಹಾಕ್ತೀನಿ. ಬೇರೆ ಯಾವ ಗುಂಡೀನೂ ಒತ್ತಲ್ಲ ನಾನು."

12:00 — 17.22

ಯಾರೋ ಸೇತುವೆ ಮೇಲೆ ಓಡಿ ಬರುತ್ತಿದ್ದಾರೆ. ಹೋಬರ್ಟ್. ಮೊಣಕಾಲವರೆಗೆ ಕೆಸರು. ನಲವತ್ತು ಮನೆಯೂ ಖಾಲಿ, ಮುದುಕಿಯನ್ನು ಹೊತ್ತುಕೊಂಡೇ ಹತ್ತಿಸಿದನಂತೆ.

"ನಾನೇನ್ ಮಾಡ್ಲಿ, ಹೇಳು," ಅಂದ.

ಹಗ್ಗ ಅವನ ಸೊಂಟಕ್ಕೆ ಕಟ್ಟಿದೆ. ಪಟ್ಟಿ ಎಲ್ಲಿದೆ ತೋರಿಸಿದೆ. "ನೀನು ಬಗ್ಗಿ ಓದು, ನಾನು ಬರೀತೀನಿ. ಇದಕ್ಕೆ ಇಬ್ರು ಬೇಕು."

ಅವನು ಕಂಬಿ ಹಿಡಿದ. ಬಗ್ಗಿದ.

12:15 — ಕೂಗುತ್ತಿದ್ದಾನೆ, ಮಳೆಗೆ ಸರಿಯಾಗಿ ಕೇಳುತ್ತಿಲ್ಲ. ಹದಿನೇಳು ಪಾಯಿಂಟ್ ನಾಲ್ಕು ಒಂದು. 17.41 ಅಂತ ಬರೆದೆ.